ನಡುಗುಡ್ಡದ ಕಲ್ಲುಮನೆ

ತೆಪ್ಪ ತಿರುಗುತ್ತಿದೆಯೋ ದಡ ತಿರುಗುತ್ತಿದೆಯೋ, ಈ ಮಂಜಿನಲ್ಲಿ ಎರಡೂ ಒಂದೇ, ಮಂಗಳ ಕಣ್ಣು ಮುಚ್ಚಿದರೆ ಕಪ್ಪು, ತೆರೆದರೆ ಎತ್ತ ನೋಡಿದರೂ ಬಿಳಿ, ಕಾಲಡಿಯ ಪ್ಲಾಸ್ಟಿಕ್ ಹಾಳೆಯ ಕೆಳಗೆ ನೀರು ಓಡಾಡುವುದು ಅಂಗಾಲಿಗೆ ಗೊತ್ತಾಗುತ್ತಿದೆ, ಯಾವುದೋ ಪ್ರಾಣಿ ಮೈ ಉಜ್ಜಿಕೊಂಡು ಹೋದ ಹಾಗೆ — ಟಾರಿನ ವಾಸನೆ, ಮೀನಿನ ವಾಸನೆ, ಮುತ್ತಯ್ಯನ ಬೀಡಿ, ಅಲ್ಲಾಡ್ಬ್ಯಾಡ ತಾಯಿ ನಡೂಕೆ ಕೂತ್ಕೊ ಅನ್ನುತ್ತಾನೆ ಮುತ್ತಯ್ಯ, ಅಲ್ಲಾಡುತ್ತಿರುವುದು ನಾನಲ್ಲ ಕಣಯ್ಯ ಚಳಿ ಎಂದು ಹೇಳಬೇಕೆನ್ನಿಸಿತು, ಬಾಯಿ ತೆರೆದರೆ ಮಂಜು ಒಳಗೆ ಹೋಗುತ್ತದೆ. ಮುತ್ತಯ್ಯ ಮೆಟ್ಟೂರು ಕಡೆಯವನು, ಮೀನು ಹಿಡಿಯಲು ಬಂದು ಈ ಕಟ್ಟೆಯ ದಡದಲ್ಲೇ ಉಳಿದುಬಿಟ್ಟ ಮುದುಕ, ಅರ್ಧ ತಮಿಳು ಅರ್ಧ ಕನ್ನಡ, ಎರಡೂ ಸೇರಿಸಿದರೂ ಅವನ ಮಾತು ಒಂದು ಮುಷ್ಟಿಗಿಂತ ಹೆಚ್ಚಿಲ್ಲ, ಅದರಲ್ಲೂ ಇಂಥದೇ ಆಡಬೇಕೇ, ಕೆಳಗಡೆ ನಿಮ್ಮೂರು ಅದೆಯಲ್ಲಾ ತಾಯಿ, ಬೇಸ್ಗೇಲಿ ಬಲೆ ಸಿಕ್ಕಾಕತದೆ, ಆ ಉಣ್ಸೆಮರದ ಕೊಂಬೆ ಇನ್ನೂವೆ ಕೊಳೆತಿಲ್ಲ, ಎಂದುಬಿಟ್ಟ, ಅವಳು ಸರಕ್ಕನೆ ಕಾಲು ಮೇಲೆಳೆದುಕೊಂಡಳು. ಅವಳು ಕಣ್ಣಿಂದ ನೋಡದ ಹುಣಸೆಮರ ಅದು, ಅವಳು ಸೊಸೆಯಾಗಿ ಬರುವ ಹೊತ್ತಿಗೆ ಹಳೇ ಪೋಡು, ಆ ಕಾಡಿನ ಹಟ್ಟಿ, ಮುಳುಗಿಯಾಗಿತ್ತು, ಆದರೆ ಗಂಡ ಆ ಮರದ ಕಥೆಯನ್ನು ಎಷ್ಟು ಸಲ ಹೇಳಿರಲಿಲ್ಲ, ಎಡ ಮೊಣಕೈ ಮುರಿದದ್ದು ಅಲ್ಲಿಂದ ಬಿದ್ದು, ಸೊಪ್ಪು ಕಟ್ಟಿದವರು ಓರೆಯಾಗಿ ಕಟ್ಟಿದರು, ಅದಕ್ಕೇ ಅವನ ತೋಳು ಕೊನೆಯವರೆಗೂ ಪೂರ್ತಿ ಚಾಚುತ್ತಿರಲಿಲ್ಲ — ಕೊನೆಯವರೆಗೂ ಅಂದೆಯಲ್ಲ ಮಂಗಳ, ಆಗಲೇ ಅಂದುಬಿಟ್ಟೆಯಲ್ಲ, ಕಲ್ಲು ಇನ್ನೂ ಮಡಿಲಲ್ಲೇ ಇದೆ.

ಅತ್ತೆಯ ಹಳೇ ಸೀರೆಯ ಚೂರಿನಲ್ಲಿ ಸುತ್ತಿದ ಕಲ್ಲು, ಹಳ್ಳದಲ್ಲಿ ಅವಳೇ ಆರಿಸಿದ್ದು, ಉದ್ದನೆಯದು. ಅವನ ಕುಲದಲ್ಲಿ ಸತ್ತವರಿಗೆ ಗೋರಿಯಿಲ್ಲ, ಫೋಟೋಗೆ ಹಾರವಿಲ್ಲ, ಹಳ್ಳದ ಒಂದು ಕಲ್ಲು, ಗಂಡಸಿಗೆ ಉದ್ದನೆಯದು, ಹೆಂಗಸಿಗೆ ಗುಂಡನೆಯದು, ಗುಡ್ಡದ ಮೇಲಿನ ಕಲ್ಲುಮನೆಯಲ್ಲಿ ಅದನ್ನು ಸಾಲಾಗಿ ಕೂರಿಸುತ್ತಾರೆ, ಮನೆಯೆಂದರೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಗೂಡು, ಮಾಗಿಯಲ್ಲಿ ಒಮ್ಮೆ ಬಂದು ಕಲ್ಲುಗಳನ್ನು ತೊಳೆದು ಹುಚ್ಚೆಳ್ಳೆಣ್ಣೆ ಸವರಿ, ಸತ್ತವರು ಇಷ್ಟಪಡುತ್ತಿದ್ದುದನ್ನು ಅವರವರ ಕಲ್ಲಿನ ಎದುರಿಗಿಟ್ಟು ಹೋಗುವುದು. ಅಣೆಕಟ್ಟೆಯಾಗಿ ನೀರು ನಿಂತಾಗ ಬದುಕಿದ್ದವರು ಗಂಟುಮೂಟೆ ಕಟ್ಟಿ ಬಂಡಳ್ಳಿ ಕಡೆ ಬಂದು ಗುಡಿಸಲು ಹಾಕಿಕೊಂಡರು, ಸತ್ತವರು ಮಾತ್ರ ಜಾಗ ಬಿಡಲಿಲ್ಲ, ಗುಡ್ಡದ ಸುತ್ತ ನೀರು ಬಂದು ಅದು ನಡುಗುಡ್ಡವಾಯಿತು, ಅವರು ಅಲ್ಲೇ ಒಣಗಿ ಕೂತರು. ವರ್ಷವರ್ಷ ಬರುತ್ತಿದ್ದವಳು ಅತ್ತೆ, ಚಿಕ್ಕಮಾದಮ್ಮ, ಕಾಲು ಬಿದ್ದುಹೋದ ಮೇಲೆ ನಾಲ್ಕಾರು ವರ್ಷದಿಂದ ಯಾರೂ ಬಂದಿಲ್ಲ, ಕಲ್ಲುಗಳೆಲ್ಲ ಧೂಳು ಹಿಡಿದಿರುತ್ತವೆ, ಜೇಡ ಗೂಡು ಕಟ್ಟಿರುತ್ತದೆ, ಅತ್ತೆ ಒಂದು ಹಳೇ ಬಟ್ಟೆಯನ್ನೂ ಎಣ್ಣೆ ಸೀಸೆಯನ್ನೂ ಚೀಲಕ್ಕೆ ತುರುಕಿ ಹೇಳಿದಳು, ಓಗು ಮಗ, ಈ ಸಲ ನೀನೇ ಓಗ್ಬುಟ್ಟು ಬಾ, ಎಂಡ್ರು ಇಟ್ರೂ ಒಂದೇಯ ತಾಯಿ ಇಟ್ರೂ ಒಂದೇಯ, ನಾನು ಎತ್ತ ಮಗಂಗೆ ನನ್ ಕೈಯಾರೆ ಕಲ್ಲಿಡೂದ್ ತಪ್ತಲ್ಲ ಅಂತ ಈ ಬಿದ್ದೋದ್ ಕಾಲಿಗೆ ಕೈ ಮುಗೀತೀನಿ. ಅಳಲಿಲ್ಲ ಮುದುಕಿ, ಮಂಗಳಳಿಗೇ ಅಳು ಬಂದದ್ದು, ಯಾರಿಗೂ ಕಾಣದ ಹಾಗೆ ಒಲೆಯ ಕಡೆ ತಿರುಗಿ ಹೊಗೆ ಹೊಗೆ ಎಂದಳು.

ಇದನ್ನು ಇಟ್ಟರೆ ಅವನು ಸತ್ತ, ಇಡದಿದ್ದರೆ ಮಗಳ ಮದುವೆ ಇಲ್ಲ, ಇಷ್ಟೇ. ರತ್ನಳಿಗೆ ಒಡೆಯರಪಾಳ್ಯದ ಕಡೆಯಿಂದ ಸಂಬಂಧ ಬಂತು, ಹುಡುಗ ಬಿಳಿಗಿರಿ, ಅಲ್ಲಿ ನೆಲೆಸಿದ ಟಿಬೆಟ್‌ನವರ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾನೆ, ರತ್ನಳೂ ಅವನೂ ಮುಸುಕಿನ ಜೋಳ ಮುರಿಯುವ ಕೆಲಸದಲ್ಲಿ ನೋಡಿ ಒಪ್ಪಿಕೊಂಡದ್ದು, ಹಿರಿಯರು ಬರುವ ಮೊದಲೇ ಎಲ್ಲ ಆಗಿತ್ತು, ಕಳ್ಳಿ, ಆದರೆ ಹುಡುಗನ ತಾತ ತಾಂಬೂಲದ ತಟ್ಟೆ ಮುಟ್ಟದೆ ಕೂತ, ಉಡ್ಗಿ ಚೆಂದಾಗವ್ಳೆ ನಮ್ಗೇನೂ ತಕರಾರಿಲ್ಲ ಕಣಮ್ಮ, ಆದ್ರ ಅಪ್ಪ ಅವ್ನಾ ಇಲ್ವಾ ಒಂದ್ ತೀರ್ಮಾನ ಮಾಡ್ಕಳಿ, ಇದ್ರ ಕರ್ಸಿ, ಇಲ್ದಿದ್ರ ಕಲ್ಲಿಡಿ, ಎರ್ಡೂ ಇಲ್ದೆ ಚಪ್ರ ಆಕಕಾಯ್ತದಾ. ಆಗುವುದಿಲ್ಲ, ಅವಳಿಗೂ ಗೊತ್ತು, ಹತ್ತು ವರ್ಷದಿಂದ ಅವಳು ಬಾಳುತ್ತಿರುವುದು ಎರಡೂ ಇಲ್ಲದೆಯೇ, ಕುಂಕುಮ ಇಟ್ಟುಕೊಳ್ಳುವಾಗ ಬೆರಳು ಹಣೆಯ ಹತ್ತಿರ ಒಂದು ಗಳಿಗೆ ನಿಲ್ಲುತ್ತದೆ, ಬಳೆಗಾರ ಬಂದರೆ ಕೈ ಚಾಚಲೋ ಬೇಡವೋ. ಎಲ್ಲ ಒಂದು ಟೀ ಅಂಗಡಿಯ ಮಾತಿನಿಂದ ಆದದ್ದು, ಯಾರೋ ಜಿಂಕೆ ಹೊಡೆದ ಕೇಸಿಗೆ ನಿನ್ನೆಸ್ರೂ ಸೇರ್ಕಂಡದಂತೆ ಕಣ್ಲಾ ಪುಟ್ಟಮಾದ ಎಂದು ಯಾರೋ ಅಂದದ್ದೇ ತಡ, ಮನೆಗೆ ಬಂದು ಕಂಬಳಿ ಹೆಗಲಿಗೆ ಹಾಕಿಕೊಂಡ, ವಸಿ ದಿನ ಗುಡ್ಡದಾಚೆ ತಮಿಳ್ರ ಕಡೆ ಇದ್ದು ಬತ್ತೀನಿ, ಮಗ ಜ್ವಾಪಾನ, ಎಂದ, ಹೋದ. ಕೇಸೂ ಇರಲಿಲ್ಲ ಮಣ್ಣೂ ಇರಲಿಲ್ಲ, ಆಮೇಲೆ ಗೊತ್ತಾಯಿತು, ಹೇಳೋಣವೆಂದರೆ ಅವನು ಎಲ್ಲಿ, ಫೋನು ಇಟ್ಟುಕೊಂಡರೆ ಹಿಡಿಯುತ್ತಾರೆ ಎಂದು ಯಾರೋ ಹೇಳಿಕೊಟ್ಟಿದ್ದರಂತೆ, ಮೊದಮೊದಲು ಸತ್ಯಮಂಗಲದ ಇಟ್ಟಿಗೆಗೂಡಿನಲ್ಲಿ ಕಂಡೆ ಎನ್ನುವವರು ಸಿಗುತ್ತಿದ್ದರು, ಕೊರೊನಾ ಬಂದ ಮೇಲೆ ಅದೂ ನಿಂತಿತು. ಅಂಜುಬುರುಕ ನನ್ನ ಗಂಡ, ಆನೆ ಎದುರು ನಿಂತರೂ ಹೆದರದವನು ಒಂದು ಮಾತಿಗೆ ಹೆದರಿ ಓಡಿದ, ಸಿಟ್ಟು ಬರುತ್ತದೆ, ಈಗಲೂ, ಈ ತೆಪ್ಪದಲ್ಲಿ ಕೂತೂ ಸಿಟ್ಟು ಬರುತ್ತದೆ, ಸತ್ತವನ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ.

ದಪ್ಪೆಂದು ತೆಪ್ಪ ಕಲ್ಲಿಗೆ ತಾಗಿತು, ಇಷ್ಟು ಬೇಗ ಬಂದೆವೇ, ಮಂಜಿನೊಳಗಿಂದ ಗುಡ್ಡದ ಪಾದ ಮಾತ್ರ ಹೊರಗೆ, ಮೇಲಿನದೆಲ್ಲ ಇಲ್ಲ, ಯಾರೋ ಅಳಿಸಿಬಿಟ್ಟಿದ್ದಾರೆ. ನಾ ಇಂಗೇ ಇರ್ತೇನ್ ತಾಯಿ, ಮೇಲೆ ಬರಲ್ಲ, ನಿಮ್ಮ ಸಾಮಿ ನಿಮಗೆ, ಎಂದು ಮುತ್ತಯ್ಯ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಬೆನ್ನು ಮಾಡಿ ಕೂತ, ಅವನಿಗೂ ಗೊತ್ತು ಕಲ್ಲಿಡುವವರು ಒಬ್ಬರೇ ಹತ್ತಬೇಕೆಂದು, ಹಿಂದೆ ಅತ್ತೆಯನ್ನು ಕರೆತರುತ್ತಿದ್ದವನೂ ಅವನೇ. ಈ ವರ್ಸ ಯಾರ್ನಾದ್ರೂ ಕರ್ಕಂಬಂದಿದ್ದಾ ಮುತ್ತಯ್ಯ, ಎಂದು ಕೇಳಿದಳು ಸುಮ್ಮನೆ, ಮಾತು ಬೇಕಾಗಿತ್ತು ಅಷ್ಟೇ, ಇಲ್ಲ, ಯಾರೂ ಇಲ್ಲ, ಕೊರೊನಾ ಬಂದ್ಮೇಲೆ ಈ ಗುಡ್ಡಕ್ಕೆ ನನ್ನ ತೆಪ್ಪ ಹತ್ತಿಲ್ಲ, ಎಂದ ಅವನು ನೀರಿಗೆ ಹೇಳುವವನ ಹಾಗೆ. ಮೇಲೆ ಹೋಗುವ ದಾರಿ ದಾರಿಯಲ್ಲ, ಲಂಟಾನದ ನಡುವೆ ಆಡು ನುಸುಳಿದಂಥ ಒಂದು ಸಂದು, ಎಲೆಗಳೆಲ್ಲ ತೊಟ್ಟಿಕ್ಕುತ್ತಿವೆ, ಜೋಳದ ಹೊಲದ ಟಿಬೆಟ್ ಅಜ್ಜಿ ಕೊಟ್ಟ ಕೆಂಪು ಸ್ವೆಟರಿನ ತೋಳು ಆಗಲೇ ಒದ್ದೆ, ಉಸಿರು ಕಟ್ಟುತ್ತದೆ, ಆ ಕಾಯಿಲೆಯ ಮೇಲೆ ಅವಳ ಉಸಿರು ಮೊದಲಿನ ಹಾಗಿಲ್ಲ, ನಿಂತು ನಿಂತು ಹತ್ತಬೇಕು. ಕೊರೊನಾದ ಎರಡನೇ ವರ್ಷ, ಆಂಬುಲೆನ್ಸು ಬಂದು ಅವಳನ್ನು ಹೊತ್ತುಕೊಂಡು ಹೋದಾಗ ಇಡೀ ಪೋಡು ಮುಂಚಿತವಾಗಿಯೇ ಅತ್ತುಬಿಟ್ಟಿತ್ತು, ಹೋದವರು ಯಾರೂ ವಾಪಸು ಬರುತ್ತಿರಲಿಲ್ಲವಲ್ಲ ಆಗ, ಮಂಗಳ ಓದ್ಳು ಎಂದು ಗುಡ್ಡ ತಿರುಗಿ ಜೇನು ಕೀಳುವವರು, ಪೊರಕೆಹುಲ್ಲು ಕೊಯ್ಯುವವರು, ಎಲ್ಲರ ಬಾಯಲ್ಲೂ ಅದೇ, ತಿಂಗಳು ಕಳೆದು ಅವಳು ಕಡ್ಡಿಯಾಗಿ ಮನೆಯ ಮುಂದೆ ಇಳಿದಾಗ ಮೈದುನ ನಾಗರಾಜು ಎರಡು ಹೆಜ್ಜೆ ಹಿಂದೆ ಸರಿದು ಅತ್ಗೆ ನಿನ್ ಕಾಲು ತೋರ್ಸು ಎಂದಿದ್ದ, ದೆವ್ವಕ್ಕೆ ಪಾದ ಹಿಂದುಮುಂದಂತೆ, ತೋರಿಸಿದಳು, ನಕ್ಕಳು, ನಕ್ಕರೆ ಕೆಮ್ಮು. ಈಗಲೂ ಕೆಮ್ಮು ಬರುತ್ತಿದೆ, ತಡೆದುಕೊಂಡಳು, ಇಲ್ಲಿ ಸದ್ದು ಮಾಡಬಾರದು.

ಸದ್ದು ಮಾಡಬಾರದು, ನಗಬಾರದು, ಮೂತ್ರಕ್ಕೆ ಕೂರಬಾರದು, ಅತ್ತೆ ರಾತ್ರಿಯೆಲ್ಲ ಹೇಳಿ ಕಳಿಸಿದ್ದು ಇವೇ, ಮುಖ್ಯವಾದದ್ದನ್ನು ಎರಡೆರಡು ಸಲ ಹೇಳಿಸಿದಳು, ಸತ್ತೋರು ಮಾಗೀಲಿ ಬತ್ತರೆ ಕಣ್ ಮಗ, ಕಲ್ಲು ನೋಡ್ಕಳಕ್ ಬತ್ತರೆ, ಕಂಡ್ರ ಬೆನ್ ತಿರ್ಗುಸ್ಬುಡು, ಕಣ್ ಮುಚ್ಕೊ, ಯಾವ್ದಾದ್ರೂ ಅಕ್ಕಿ ಕೂಗಗಂಟ ತಿರುಗ್ಬ್ಯಾಡ, ಎದರ್ಕೊ ಬ್ಯಾಡ, ಅವ್ರೇನೂ ಮಾಡಲ್ಲ, ನೋಡ್ಕಂಡು ಓಯ್ತರೆ — ಅವ್ರು ನಿನ್ ಎಸ್ರಿಡ್ದು ಕೂಗುದ್ರ ಮಾತ್ರ ಓಗೊಡ್ಬ್ಯಾಡ, ಎಸ್ರಿಡ್ದು ಕೂಗುಸ್ಕಂಡೋನು ಮತ್ತೆ ಆ ಗುಡ್ಡ ತುಳೀಕೂಡ್ದು, ಸಾಯಗಂಟ ತುಳೀಕೂಡ್ದು. ನೀವು ಕಂಡಿದ್ದೀರಾ ಅತ್ತೆ ಎಂದರೆ ಮುದುಕಿ ಎಲೆಅಡಿಕೆ ಜಗಿಯುತ್ತ ಗೋಡೆಯ ಕಡೆ ನೋಡಿದಳು, ನಿನ್ ಮಾವನ್ನ ಒಂದ್ಸಲ ಕಂಡಿದ್ದೆ, ಬೀಡಿ ಸೇದ್ತಿದ್ದ, ಎಂದಳು, ಬದುಕಿದ್ದಾಗಲೂ ಅಷ್ಟೇ ಮಾಡಿದ್ದು ಎನ್ನುವ ಹಾಗೆ. ಮಂಗಳಳಿಗೆ ಇದರಲ್ಲೆಲ್ಲ ನಂಬಿಕೆ ಇದೆಯೋ ಇಲ್ಲವೋ ಅವಳಿಗೇ ಗೊತ್ತಿಲ್ಲ, ದಡದ ಮೇಲೆ ಇರಲಿಲ್ಲ, ತೆಪ್ಪದಲ್ಲಿ ಅರ್ಧ ಇತ್ತು, ಈಗ ಇಲ್ಲಿ, ಮೈಗೆ ತಾಗಿದ ಎಲೆಯೂ ಕೈ ಅನ್ನಿಸುವ ಈ ಸಂದಿನಲ್ಲಿ, ಪೂರ್ತಿ ಇದೆ, ಮತ್ತೆ ಯಾಕೆ ಈ ಎಣ್ಣೆಯ ವಾಸನೆ, ಸೀಸೆ ಸೋರಿತೇ, ಚೀಲ ಮುಟ್ಟಿ ನೋಡಿದಳು, ಬಿರಡೆ ಗಟ್ಟಿಯಾಗಿದೆ, ಹುಚ್ಚೆಳ್ಳೆಣ್ಣೆಯ ವಾಸನೆ ಮೇಲಿನಿಂದ ಇಳಿದು ಬರುತ್ತಿದೆ, ತಲೆಯೆತ್ತಿದಳು.

ಬೋಳು ಬೂರುಗದ ಮರದ ಪಕ್ಕದ ಬಂಡೆಯ ಮೇಲೆ ಅವನು ನಿಂತಿದ್ದ. ಬರಿಮೈ, ಒದ್ದೆ ಪಂಚೆ ತೊಡೆಗೆ ಅಂಟಿಕೊಂಡಿದೆ, ಗಡ್ಡ ನೆರೆತಿದೆ — ಸತ್ತವರಿಗೂ ಗಡ್ಡ ನೆರೆಯುತ್ತದೆಯೇ — ಬಾಯಿ ತುಸು ತೆರೆದು ಅವಳನ್ನೇ ನೋಡುತ್ತಿದ್ದಾನೆ, ಮಂಜು ಅವನ ಮೊಣಕಾಲಿನ ಕೆಳಗೆ ಹರಿಯುತ್ತಿದೆ, ಎಡ ತೋಳು ಪೂರ್ತಿ ಚಾಚದೆ ಪಕ್ಕಕ್ಕೆ ಓರೆಯಾಗಿ ಇಳಿದಿದೆ, ಸಾಲದೇ, ಇನ್ನೇನು ಗುರುತು ಬೇಕು. ಅವಳ ಮೈ ಅವಳನ್ನು ಕೇಳದೆಯೇ ತಿರುಗಿತು, ಬೆನ್ನು ಅತ್ತ, ಕಣ್ಣು ಬಿಗಿಯಾಗಿ ಮುಚ್ಚಿ, ಕಲ್ಲಿನ ಗಂಟನ್ನು ಎದೆಗೆ ಅವಚಿ, ಆದರೆ ತಿರುಗುವ ಆ ಅರೆಗಳಿಗೆಯಲ್ಲಿ ಕಣ್ಣಂಚಿಗೆ ಕಂಡುಬಿಟ್ಟಿತು, ಅವನೂ ಆ ಓರೆ ತೋಳೆತ್ತಿ ಕಣ್ಣಿಗೆ ಅಡ್ಡ ಹಿಡಿದ, ಅವನೂ ತಿರುಗಿದ, ಬೆನ್ನು ಹಾಕಿದ. ಬೆನ್ನು ಹಾಕಿದನಲ್ಲ. ಹತ್ತು ವರ್ಷದ ಮೇಲೆ ಕಂಡು, ಸತ್ತ ಮೇಲೆ ಕಂಡು, ಮುಖ ನೋಡಲಾರದೆ ಬೆನ್ನು ಹಾಕಿದನಲ್ಲ, ಕಲ್ಲು ಹೊತ್ತು ಬಂದಳು ಎಂದು ಸಿಟ್ಟೇ, ಇಷ್ಟು ದಿನ ಕಾದವಳು ಇನ್ನೊಂದಿಷ್ಟು ಕಾಯಲಾರದೆ ಹೋದಳೆಂದೇ, ನಿನ್ನ ಮಗಳಿಗೆ ಗಂಡು ಗೊತ್ತಾಗಿದೆ ಕಣೋ ಎಂದು ಕೂಗಿ ಹೇಳಬೇಕೆನ್ನಿಸಿತು, ಹೇಳಬಾರದು, ಹಲ್ಲು ಕಚ್ಚಿದಳು, ಕಣ್ಣೀರು ಮುಚ್ಚಿದ ರೆಪ್ಪೆಯಿಂದಲೂ ಇಳಿಯುತ್ತದೆ, ಹಾಗಾದರೆ ಸತ್ತಿದ್ದಾನೆ, ಸತ್ತೇ ಹೋಗಿದ್ದಾನೆ, ಎಲ್ಲಿ, ಯಾವ ಇಟ್ಟಿಗೆಗೂಡಿನ ಪಕ್ಕ, ಬಾಯಿಗೆ ನೀರು ಬಿಟ್ಟವರಾದರೂ ಇದ್ದರೇ, ಹಿಂದೆ ತರಗೆಲೆ ಸರಸರ ಅನ್ನುತ್ತದೆ, ದೂರ ಹೋಗುತ್ತದೆ, ಇಳಿದು ಹೋಗುತ್ತದೆ, ಅವಳು ಹಕ್ಕಿಗಾಗಿ ಕಾದಳು, ಈ ಚಳಿಯಲ್ಲಿ ಯಾವ ಹಕ್ಕಿಗೆ ಕೂಗುವ ಹುರುಪು, ಕಾಲು ಮರಗಟ್ಟಿತು, ಕೊನೆಗೆ ನೀರಿನ ಕಡೆಯಿಂದ ಒಂದು ನೀರುಕಾಗೆ ಕರ್ರೆಂದಿತು, ತಿರುಗಿದಳು, ಬಂಡೆ ಬರಿದಾಗಿತ್ತು.

ಹೋಗಲಿ, ಗೊತ್ತಾಯಿತಲ್ಲ, ಇನ್ನು ಅನುಮಾನವಿಲ್ಲದೆ ಇಡಬಹುದು, ಎಂದುಕೊಳ್ಳುತ್ತ ಹತ್ತಿದಳು, ದುಃಖದ ಒಳಗೇ ಎಲ್ಲೋ ಒಂದು ನಿರಾಳ, ಅದಕ್ಕೆ ನಾಚಿಕೆ, ನಾಚಿಕೆಯ ಒಳಗೆ ಮತ್ತೆ ದುಃಖ, ಬಂಡೆಯನ್ನು ದಾಟುವಾಗ ಅವನು ನಿಂತಿದ್ದ ಕಡೆ ನೋಡಬಾರದೆಂದು ನೋಡಲಿಲ್ಲ, ಕಲ್ಲುಮನೆ ಅಷ್ಟು ಹತ್ತಿರ ಇತ್ತು, ಬಗ್ಗಿ ಒಳಗೆ ಇಣುಕಿದವಳು ಹಾಗೇ ನಿಂತಳು. ಧೂಳಿಲ್ಲ. ಜೇಡನ ಗೂಡಿಲ್ಲ. ಸಾಲಾಗಿ ಕೂತ ಕಲ್ಲುಗಳೆಲ್ಲ ಸ್ನಾನ ಮಾಡಿ ಕೂತವರ ಹಾಗೆ ಮಿರಮಿರ ಹೊಳೆಯುತ್ತಿವೆ, ಎಣ್ಣೆ ಇಳಿದು ನೆಲದ ಮಣ್ಣು ಕಪ್ಪಗಾಗಿದೆ, ಮಾವನ ಕಲ್ಲಿನ ಮುಂದೆ ಒಂದು ಕಟ್ಟು ಬೀಡಿ, ಅಜ್ಜಿಯ ಕಲ್ಲಿನ ಮುಂದೆ ಎಲೆಯಡಿಕೆ, ಯಾರು, ಯಾರು ಮಾಡಿದರು, ಮುತ್ತಯ್ಯನ ತೆಪ್ಪ ಹತ್ತಿಲ್ಲ, ಅತ್ತೆ ಎದ್ದಿಲ್ಲ, ಸತ್ತವರು ತಮಗೆ ತಾವೇ ಎಣ್ಣೆ ಹಚ್ಚಿಕೊಳ್ಳುತ್ತಾರೆಯೇ, ಹಚ್ಚಿಕೊಂಡರೂ ಬೀಡಿ ಅಂಗಡಿಗೆ ಹೋದವರಾರು. ಸಾಲಿನ ಕೊನೆಗೆ ಬಂದಳು, ಅವನನ್ನು ಕೂರಿಸಬೇಕಾದ ಜಾಗಕ್ಕೆ, ಅಲ್ಲಿ ಒಂದು ಕಲ್ಲು ಆಗಲೇ ಕೂತಿದೆ. ಗುಂಡನೆಯದು. ಹೆಂಗಸಿನದು. ಯಾವ ಹೆಂಗಸು, ಅತ್ತೆ ಹೇಳಿಕೊಟ್ಟ ಸಾಲನ್ನು ಮನಸ್ಸಿನಲ್ಲೇ ಓದಿದಳು, ಮುತ್ತಜ್ಜಿ, ಅಜ್ಜಿ, ಹೆರಿಗೆಯಲ್ಲಿ ಹೋದ ದೊಡ್ಡತ್ತೆ, ಎಲ್ಲರೂ ಅವರವರ ಜಾಗದಲ್ಲಿ ಇದ್ದಾರೆ, ಆಮೇಲೆ ಈ ಮನೆಯಲ್ಲಿ ಯಾವ ಹೆಂಗಸೂ ಸತ್ತಿಲ್ಲ, ಅತ್ತೆ ಬದುಕಿದ್ದಾಳೆ, ರತ್ನ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಳು, ಉಳಿದವಳು ಒಬ್ಬಳೇ ಸೊಸೆ. ಕಲ್ಲಿಗೆ ಒರಗಿಸಿ ಎರಡು ಹಸಿರು ಗಾಜಿನ ಬಳೆ ಇಟ್ಟಿದೆ, ಚುಕ್ಕಿಯ ಬಳೆ, ಅವಳ ಮದುವೆಯಲ್ಲಿ ತೊಡಿಸಿದಂಥವು. ಬೆರಳು ಚಾಚಿ ಮುಟ್ಟಿದಳು, ಎಣ್ಣೆ ಹಸಿಯಾಗಿತ್ತು, ತಣ್ಣಗೆ, ಬೆರಳ ತುದಿಗೆ ಅಂಟಿಕೊಂಡಿತು, ತನ್ನ ಕೆನ್ನೆಯನ್ನೇ ಬೇರೆ ಯಾರೋ ಮುಟ್ಟಿದಂತಾಯಿತು.

ನಾನು ಸತ್ತಿದ್ದೇನೆ, ಎಂಬ ಮಾತು ಎಷ್ಟು ಸಲೀಸಾಗಿ ಬಂತು, ಹೆದರಿಕೆಯಾಗುವ ಮೊದಲೇ ಬಂದು ಕೂತಿತು, ಆ ಆಂಬುಲೆನ್ಸಿನಿಂದ ಇಳಿದವಳು ಯಾರು ಹಾಗಾದರೆ, ನಾಗರಾಜು ಕಾಲು ನೋಡಿದ್ದು ಸರಿಯೇ, ಮುತ್ತಯ್ಯ ಮುಖ ನೋಡದೆ ನೀರಿಗೆ ಮಾತಾಡಿದ್ದು ಯಾಕೆ, ಕೈ ನೋಡಿಕೊಂಡಳು, ಬೆರಳಲ್ಲಿ ಎಣ್ಣೆ, ಉಗುರಿನಲ್ಲಿ ಮಣ್ಣು, ಕೆಮ್ಮು ಬಂತು, ಅಬ್ಬ, ಕೆಮ್ಮು, ದೆವ್ವಕ್ಕೆ ಕೆಮ್ಮು ಬರುವುದಿಲ್ಲ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದು ಮಂಡಿಯೂರಿದಳು, ಆಗಲೇ ಕಲ್ಲಿನ ಬುಡದಲ್ಲಿ ಮುತ್ತುಗದ ಎಲೆ ಕಂಡದ್ದು, ಎಲೆಯ ಮೇಲೆ ಒಂದು ಚಿಟಿಕೆ ಕಲ್ಲುಪ್ಪು, ಉಪ್ಪಿನ ಪಕ್ಕ ನೆಲ್ಲಿಕಾಯಿ, ಅರ್ಧ ನೆಲ್ಲಿಕಾಯಿ, ಕಚ್ಚಿದ್ದು. ರತ್ನ ಹೊಟ್ಟೆಯಲ್ಲಿದ್ದಾಗ ಏನು ತಿಂದರೂ ಕಾರಿಕೊಳ್ಳುತ್ತಿದ್ದವಳಿಗೆ ಅವನು ಕಾಡಿನಿಂದ ನೆಲ್ಲಿಕಾಯಿ ತರುತ್ತಿದ್ದ, ಹುಳಿ ಒಗರು ಎಂದು ಅವಳು ಮುಖ ಮಾಡಿದರೆ ಅರ್ಧ ತಾನು ಕಚ್ಚಿ, ಉಪ್ಪು ಹಚ್ಚಿ, ಉಳಿದರ್ಧ ಅವಳ ಬಾಯಿಗಿಡುತ್ತಿದ್ದ, ಈಗ ನನ್ ಎಂಜ್ಲು ಕನಾ, ಸಿಹಿಯಾಗದೆ ನೋಡು, ಎನ್ನುತ್ತಿದ್ದ, ಇದು ಅತ್ತೆಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ, ಇದು ಇಬ್ಬರಿಗೇ ಗೊತ್ತಿರುವುದು, ಕೈಗೆತ್ತಿಕೊಂಡಳು, ಮುಂದಿನ ಹಲ್ಲು ಮುರಿದಿದ್ದರಿಂದ ಅವನು ಕಚ್ಚಿದ ಕಾಯಿಯ ನಡುವೆ ಯಾವಾಗಲೂ ಒಂದು ಏಣು, ಉಬ್ಬಿದ ಗೆರೆ, ಉಳಿಯುತ್ತಿತ್ತು, ಇದರಲ್ಲೂ ಇದೆ, ಏಣಿನ ಎರಡು ಕಡೆಯೂ ತಿರುಳು ಎಳೆ ಹಸಿರು, ನೀರು ಒಸರುತ್ತಿದೆ, ಕಚ್ಚಿದ ಕಡೆ ಇನ್ನೂ ಕಪ್ಪಾಗಿಲ್ಲ. ನೆಲ್ಲಿಕಾಯಿ ಕಚ್ಚಿಟ್ಟರೆ ಎಷ್ಟು ಹೊತ್ತು ಹಸಿರಾಗಿರುತ್ತದೆ, ಎಲೆಅಡಿಕೆ ಹಾಕಿ ಮುಗಿಸುವುದರೊಳಗೆ ಕಪ್ಪಾಗುತ್ತದೆ, ಇದು ಕಪ್ಪಾಗಿಲ್ಲ.

ಸತ್ತವರು ಬೆನ್ನು ತಿರುಗಿಸುವುದಿಲ್ಲ. ಅತ್ತೆ ಏನು ಹೇಳಿದಳು, ಸತ್ತವರು ನೋಡಿಕೊಂಡು ಹೋಗುತ್ತಾರೆ ಎಂದಳು, ಬೆನ್ನು ತಿರುಗಿಸಿ ಕಣ್ಣು ಮುಚ್ಚಬೇಕಾದವರು ಬದುಕಿರುವವರು, ಅವನು ತೋಳೆತ್ತಿ ಕಣ್ಣು ಮುಚ್ಚಿಕೊಂಡನಲ್ಲ, ಅಯ್ಯೋ, ಅವನೂ ಅದೇ ತಾಯಿಯ ಮಗ, ಅದೇ ಮಾತು ಕೇಳಿ ಬೆಳೆದವನು, ಮಂಗಳ ಹೋದಳು ಎಂಬ ಸುದ್ದಿ ಪೊರಕೆಹುಲ್ಲಿನವರ ಬಾಯಲ್ಲಿ ಗುಡ್ಡ ದಾಟಿ ಹೋಯಿತು, ಮಂಗಳ ಬಂದಳು ಎಂಬ ಸುದ್ದಿಯನ್ನು ಹೊತ್ತವರು ಯಾರೂ ಇರಲಿಲ್ಲ, ಅವನು ಅತ್ತ, ಹಳ್ಳದಲ್ಲಿ ಗುಂಡು ಕಲ್ಲು ಹುಡುಕಿದ, ಊರಿಗೆ ಕಾಲಿಡಲು ಹೆದರಿ ಕಾಡಿನ ಕಡೆಯಿಂದಲೇ ನೀರಿಗೆ ಇಳಿದು ಇಲ್ಲಿಗೆ ಬಂದ, ಮಾಗಿ ಮಾಗಿಗೂ ಬಂದಿರಬೇಕು, ಬಳೆ ತಂದ, ತಾಯಿ ಬಾರದ್ದನ್ನು ನೋಡಿ ಎಲ್ಲರಿಗೂ ತಾನೇ ಎಣ್ಣೆ ಹಚ್ಚಿದ, ಇವತ್ತು ಹಚ್ಚಿ ಮುಗಿಸಿ ಕೆಳಗಿಳಿಯುತ್ತಿದ್ದವನ ಎದುರಿಗೆ ಮಂಜಿನಲ್ಲಿ ಸತ್ತ ಹೆಂಡತಿ ಹತ್ತಿ ಬಂದಳು. ಇಬ್ಬರೂ ಬೆನ್ನು ತಿರುಗಿಸಿ ನಿಂತೆವಲ್ಲ, ಇಬ್ಬರೂ ಕಣ್ಣು ಮುಚ್ಚಿ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ನೋಡಬಾರದೆಂದು. ಎದ್ದಳು, ಗುಡ್ಡದ ಆಚೆ ಮಗ್ಗುಲಿಗೆ, ಕಾಡಿನ ಕಡೆ, ಬಿದ್ದು ಎದ್ದು ಇಳಿದಳು, ಒಂದು ಕೈಯಲ್ಲಿ ಅವನ ಕಲ್ಲು, ಒಂದು ಕೈಯಲ್ಲಿ ನೆಲ್ಲಿಕಾಯಿ, ಲಂಟಾನದ ಮುಳ್ಳಿಗೆ ಸ್ವೆಟರು ಸಿಕ್ಕಿ ಹರಿಯಿತು, ನೀರಿನ ಅಂಚಿಗೆ ಬಂದಾಗ ಮಂಜಿನೊಳಗೆ ಸದ್ದಿತ್ತು, ಹಲಗೆ ನೀರಿಗೆ ಬೀಳುವ ಸದ್ದು, ಚಳಪ್, ಸ್ವಲ್ಪ ಹೊತ್ತಿಗೆ ಇನ್ನೊಂದು ಚಳಪ್, ಮಂಜು ಒಂದು ಕಡೆ ತೆಳುವಾಗಿ ಲಾರಿ ಟ್ಯೂಬಿನ ಕಪ್ಪು ಬಳೆ ಕಂಡಿತು, ಅದರ ಮೇಲೆ ಬಗ್ಗಿದ ಬೆನ್ನು, ಬರಿಯ ಬೆನ್ನು, ಮತ್ತೆ ಮುಚ್ಚಿಕೊಂಡಿತು.

ಕೂಗು, ಕೂಗು ಮಂಗಳ, ಹೆಸರು ಹಿಡಿದು ಕೂಗು, ಇದುವರೆಗೂ ಅವನ ಹೆಸರು ಅವಳ ಬಾಯಲ್ಲಿ ಬಂದಿಲ್ಲ, ಇಗೋ, ಕೇಳಿಸ್ತಾ, ರತ್ನನಪ್ಪ, ಇವೇ ಸಾಕಾಗಿದ್ದವು, ಈಗ ನಾಲಿಗೆಯ ತುದಿಗೆ ಬಂದು ನಿಂತಿದೆ, ಪುಟ್ಟಮಾದ, ಬಾಯಿ ತೆರೆದಳು — ಮತ್ತು ತೆರೆದ ಬಾಯಿಯಲ್ಲೇ ಅತ್ತೆಯ ಮಾತು ಸಿಕ್ಕಿಕೊಂಡಿತು, ಎಸ್ರಿಡ್ದು ಕೂಗುಸ್ಕಂಡೋನು ಸಾಯಗಂಟ ಆ ಗುಡ್ಡ ತುಳೀಕೂಡ್ದು. ಕೂಗಿದರೆ ಅವನು ತಿರುಗುವುದಿಲ್ಲ, ತಲೆ ತಗ್ಗಿಸುತ್ತಾನೆ, ಹಲಗೆ ಇನ್ನೂ ಬೇಗ ಬೇಗ ಬೀಳುತ್ತದೆ, ಸತ್ತ ಮಂಗಳ ಕರೆದಳು ಎಂದು ಅವನಿಗೆ ಗೊತ್ತಾಗುತ್ತದೆ, ಮುಂದಿನ ಮಾಗಿಗೆ ಬರುವುದಿಲ್ಲ, ಯಾವ ಮಾಗಿಗೂ ಬರುವುದಿಲ್ಲ, ಒಂದು ಟೀ ಅಂಗಡಿಯ ಮಾತಿಗೆ ಹತ್ತು ವರ್ಷ ಓಡಿದವನು ಇದಕ್ಕೆ ಎಷ್ಟು ದೂರ ಓಡುತ್ತಾನೆ, ನಾನು ಸತ್ತಿಲ್ಲ ಎಂದು ಕೂಗಿದರೆ, ಸತ್ತವರು ಅದನ್ನೇ ಅಲ್ಲವೇ ಹೇಳುವುದು, ಮುತ್ತಯ್ಯನಿಂದ ಕೂಗಿಸಿದರೆ, ಗುರುತಿಲ್ಲದ ಗಂಡಸಿನ ದನಿ, ಹಿಡಿಯಲು ಬಂದರು ಎಂದು ಕಾಡು ಸೇರುತ್ತಾನೆ, ಮುತ್ತಯ್ಯನೋ ಗುಡ್ಡದ ಆ ಕಡೆ ಕೂತಿದ್ದಾನೆ, ತೆಪ್ಪ ಸುತ್ತಿ ಬರುವುದರೊಳಗೆ ಎಲ್ಲ ಮುಗಿದಿರುತ್ತದೆ. ಕೂಗದಿದ್ದರೆ ಬರುತ್ತಾನೆ, ಮುಂದಿನ ಮಾಗಿಗೆ, ಬಂದೇ ಬರುತ್ತಾನೆ, ಇಲ್ಲಿ ರತ್ನಳನ್ನೂ ಅತ್ತೆಯನ್ನೂ ಹೊತ್ತು ತಂದು ಕೂರಿಸುತ್ತೇನೆ, ನೋಡು ತಾಯಿ ನೋಡು ಮಗಳು, ಮುಟ್ಟಿ ನೋಡು, ಎನ್ನುತ್ತೇನೆ, ಅಲ್ಲಿಯವರೆಗೆ ಹುಡುಗನ ತಾತ ಕಾಯುತ್ತಾನೆಯೇ, ಆ ಮುದುಕನ ಎದೆಯೂ ಇನ್ನೊಂದು ಮಾಗಿಯ ಚಳಿ ತಡೆಯಬೇಕು, ಚಳಪ್, ದೂರ, ಕೂಗು, ಬೇಡ, ಕಲ್ಲಿನ ಗಂಟು ಕೈ ಜಾರಿ ಕಾಲ ಬಳಿ ಬಿತ್ತು, ಆ ಕೈಯನ್ನು ಬಾಯಿಗೆ ಒತ್ತಿದಳು, ಹೆಸರು ಹಲ್ಲಿನ ಹಿಂದೆ ಒದ್ದಾಡುತ್ತಿದೆ, ಎಣ್ಣೆಯ ವಾಸನೆ, ಚಳಪ್, ಇನ್ನೊಂದು ಕೇಳಿತೋ ಇಲ್ಲವೋ, ಮಂಜು, ಇನ್ನೊಂದು ಕೈಯ ಅಂಗೈಯಲ್ಲಿ ಅರ್ಧ ನೆಲ್ಲಿಕಾಯಿ, ಅವನ ಹಲ್ಲಿನ ಏಣು, ಏಣಿನ ಅಂಚಿನಲ್ಲಿ ಕಪ್ಪು ಹತ್ತುತ್ತಿದೆ.